ಪಿತ್ರಾರ್ಜಿತ ಹಲ್ಲುಗಳು

ಚೂರು ಸಿಕ್ಕಿದ್ದು ಊಟದ ತಟ್ಟೆಯಲ್ಲಿ.

ಕಲ್ಲು ಅಂದುಕೊಂಡೆ. ನನ್ನ ಮಗಳು ಸಿಂಚನ ಅದನ್ನು ಬಾಯಿಂದ ತೆಗೆದು ತಟ್ಟೆಯ ಅಂಚಿಗಿಟ್ಟು, ಏನೂ ಆಗದವಳಂತೆ ಸಾರನ್ನ ಮುಂದುವರಿಸಿದಳು. ಆಗ ಅವಳಿಗೆ ಏಳು ವರ್ಷ. ಅಕ್ಕಿ ಆರಿಸಿದವನು ನಾನು. ನಮ್ಮ ಮನೆಯಲ್ಲಿ ಅಡಿಗೆ, ಒಗೆತ, ಜಡೆ ಹೆಣೆಯುವುದು, ಈ ಮೂರೂ ಖಾತೆಗಳು ನನ್ನ ಬಳಿಯೇ ಇವೆ. ವಿರೋಧ ಪಕ್ಷದಲ್ಲಿ ಮಗಳೊಬ್ಬಳು. ಆದ್ದರಿಂದ ಲೋಪವನ್ನು ಕೂಡಲೇ ಒಪ್ಪಿಕೊಂಡು, ಸಾಕ್ಷ್ಯ ಪರಿಶೀಲನೆಗೆಂದು ಆ ಚೂರನ್ನು ಎರಡು ಬೆರಳ ನಡುವೆ ಹಿಡಿದು ಒತ್ತಿದೆ.

ಪುಡಿಯಾಯಿತು.

ಕಲ್ಲು ಹಾಗೆ ಪುಡಿಯಾಗುವುದಿಲ್ಲ.

"ಬಾಯ್ ತೆಗಿ ಮಗಾ," ಅಂದೆ. ತುಟಿ ಬಿಗಿದು ತಲೆಯಾಡಿಸಿದಳು. ಬಹಳ ಹೊತ್ತು ಬೇಡಿಕೊಂಡ ಮೇಲೆ ಒಂದು ಬೆರಳು ತೂರುವಷ್ಟು ತೆಗೆದಳು. ಕೆಳಗಿನ ದವಡೆಯ ಹಲ್ಲು, ಬಂದು ಒಂದು ವರ್ಷವೂ ತುಂಬದ ಹೊಸ ಹಲ್ಲು, ಹಳೇ ಗೋಡೆಯ ಗಾರೆಯಂತೆ ಒಂದು ಮಗ್ಗುಲು ಉದುರಿತ್ತು. ಬಣ್ಣ ಬೆಲ್ಲದ್ದು.

ನಾನು ಮಧುಗಿರಿಯಲ್ಲಿ ಪತ್ರ ಬರಹಗಾರ. ನೋಂದಣಿ ಕಚೇರಿಯ ಎದುರು ಮೇಜು ಹಾಕಿಕೊಂಡು ಕ್ರಯಪತ್ರ, ವಿಭಾಗಪತ್ರ, ದಾನಪತ್ರ, ವಂಶವೃಕ್ಷ ಬರೆದುಕೊಡುತ್ತೇನೆ. "ಯಾರ ಬಲವಂತವೂ ಇಲ್ಲದೆ, ಸ್ವಸಂತೋಷದಿಂದ, ಪೂರ್ಣ ಬುದ್ಧಿ ಸ್ವಾಧೀನದಲ್ಲಿ" ಎಂಬ ಮಾತನ್ನು ಎಷ್ಟು ಸಲ ಬರೆದಿದ್ದೇನೋ ಶಿವನಿಗೇ ಗೊತ್ತು. ಬರೆಸಿದವರಲ್ಲಿ ಸಂತೋಷದಿಂದ ಇದ್ದವರನ್ನು ನಾನು ಹೆಚ್ಚು ಕಂಡಿಲ್ಲ. ಈ ಬರಹದಲ್ಲೂ ಕಸುಬಿನ ವಾಸನೆ ಬಂದರೆ ಓದುವವರು ಮನ್ನಿಸಬೇಕು. ಬೇರೆ ತರಹ ಬರೆದು ಅಭ್ಯಾಸವಿಲ್ಲ.

ನನ್ನ ಹೆಂಡತಿ ಶಾರದ ಪಾವಗಡದ ಕಡೆಯ ಹಳ್ಳಿಯವಳು. ಮಗಳಿಗೆ ಎರಡು ತುಂಬುವ ಮೊದಲೇ ಹೋದಳು. ಒಂದು ವಾರದ ಜ್ವರ, ಅಷ್ಟೇ. ಮಗು ಅಜ್ಜಿಯ ಮಡಿಲು ಸೇರಿತು. ನಾನು ಭಾನುವಾರಕ್ಕೊಮ್ಮೆ ಮಿಡಿಗೇಶಿ ಮೇಲೆ ಹೋಗುವ ಬಸ್ಸು ಹಿಡಿದು ನೋಡಿ ಬರುತ್ತಿದ್ದೆ. ಅತ್ತೆ ಗೌರಮ್ಮನವರು ಕನ್ನಡಕ್ಕೆ ತೆಲುಗನ್ನು ಮಜ್ಜಿಗೆಗೆ ನೀರು ಬೆರೆಸಿದಷ್ಟೇ ಧಾರಾಳವಾಗಿ ಬೆರೆಸುವವರು. ಮಾತು ಒರಟು, ಕೈ ಮೆತ್ತಗೆ. ಹೋದಾಗಲೆಲ್ಲ ಹುರಿದ ಕಡಲೆಕಾಯಿ ಬೀಜವನ್ನು ಒರಳಲ್ಲಿ ನುಣ್ಣಗೆ ಕುಟ್ಟಿ, ಬೆಲ್ಲ ಬೆರೆಸಿ, ಬಟ್ಟಲಲ್ಲಿ ತಂದಿಡುತ್ತಿದ್ದರು. ಮನೆಯ ಉಳಿದವರಿಗೆಲ್ಲ ಇಡೀ ಬೀಜ. ನನಗೊಬ್ಬನಿಗೆ ಪುಡಿ. ಆ ಸೀಮೆಯಲ್ಲಿ ಅಳಿಯನಿಗೆ ಸಲ್ಲುವ ವಿಶೇಷ ಮರ್ಯಾದೆ ಇದೆಂದು ತಿಳಿದು, ತಕ್ಕ ಗಾಂಭೀರ್ಯದಿಂದ ಸ್ವೀಕರಿಸುತ್ತಿದ್ದೆ.

ಐದು ವರ್ಷಕ್ಕೆ ಮಗಳನ್ನು ಸ್ಕೂಲಿಗೆ ಸೇರಿಸಲು ಮಧುಗಿರಿಗೆ ಕರೆತಂದೆ. ಅಷ್ಟರಲ್ಲಿ ಅವಳ ಹಾಲು ಹಲ್ಲುಗಳು ಒಂದೂ ಬಿಡದೆ ಸವೆದು ಹಳದಿ ಮೋಟುಗಳಾಗಿದ್ದವು. ತಣ್ಣೀರು ಕುಡಿದರೆ ಕೆನ್ನೆ ಹಿಡಿದುಕೊಳ್ಳುವಳು. ಬ್ರಷ್ ಕಂಡರೆ ಬಚ್ಚಲಿಂದ ಓಡುವಳು.

ನಮ್ಮ ಕಡೆ ಹಲ್ಲು ಕೆಟ್ಟರೆ ತನಿಖೆ ನಡೆಯುವುದಿಲ್ಲ, ನೇರ ತೀರ್ಪು. ನೀರು. ಪಾವಗಡವಿರಲಿ, ಶಿರಾ ಇರಲಿ, ಮಧುಗಿರಿ, ಕೊರಟಗೆರೆ ಇರಲಿ, ಬೋರ್‌ವೆಲ್ಲಿನ ಫ್ಲೋರೈಡು ಒತ್ತಿದ ಕಂದು ಮುದ್ರೆ ಹೊತ್ತ ಬಾಯಿಗಳು ಬೀದಿಗೆ ಹತ್ತು ಸಿಗುತ್ತವೆ. ಕಲೆ ಬಿದ್ದ ಹಲ್ಲು ನಮ್ಮಲ್ಲಿ ರೋಗವಲ್ಲ, ವಿಳಾಸ. ಊರಿನ ದಂತವೈದ್ಯರು ಟಾರ್ಚ್ ಬಿಟ್ಟು ಅರ್ಧ ನಿಮಿಷ ನೋಡಿದರು.

"ಎಲ್ಲಿ ಬೆಳೆದ ಮಗು?"

"ಪಾವಗಡದ ಕಡೆ ಸಾರ್. ಬೋರ್ ನೀರು."

"ಮತ್ತಿನ್ನೇನ್ರಿ, ಫ್ಲೋರೋಸಿಸ್."

ಅವರನ್ನು ದೂರಲಾರೆ. ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಬರೆದುಕೊಟ್ಟವನು ನಾನು.

ಒಪ್ಪದಿದ್ದವರು ಅತ್ತೆ ಒಬ್ಬರೇ. ಫೋನಿನಲ್ಲಿ ಹೇಳಿದರು, "ನೀರಲ್ಲಯ್ಯ ಇದು. ನೀರಿನ ದೋಷ ಹಾಲು ಹಲ್ಲಿಗೆ ಇಂಗೆ ಬರಲ್ಲ, ಎರಡನೇ ಹಲ್ಲಿಗೆ ಬರೋದು. ಎಷ್ಟ್ ಮಕ್ಕಳ್ನ ನೋಡಿವ್ನಿ ನಾನು. ಇವಳ ಜತೆ ಆಡೋ ಮಕ್ಕಳೂ ಅದೇ ನೀರು ಕುಡೀತಾವೆ ಕದಾ? ಅವುಕ್ಯಾಕೆ ಇಂಗಾಗಿಲ್ಲ?"

"ನಿಮ್ಮ ಬೋರ್‌ವೆಲ್ ಪರವಾಗಿ ವಕಾಲತ್ತು ಬೇಡ ಅತ್ತೆ," ಅಂದೆ. "ಮಗೀನ ಬಾಯಿ ಹಾಳ್ಮಾಡಿ ಕಳ್ಸಿದೀರ."

ಆ ಕಡೆ ಫೋನು ಇಟ್ಟ ಸದ್ದು ಕೇಳಿಸಿತು.

ಒಂದು ಕುಟುಂಬವನ್ನು ವಿಭಾಗ ಮಾಡಲು ಎಷ್ಟು ಹಾಳೆ ಬೇಕೆಂದು ನನಗೆ ಗೊತ್ತು. ಇದಕ್ಕೆ ಒಂದು ವಾಕ್ಯ ಸಾಕಾಯಿತು. ಆಮೇಲೆ ಮಗಳನ್ನು ರಜೆಗೂ ಕಳಿಸಲಿಲ್ಲ. ಮೂರು ವರ್ಷ. ಪೇಟೆಯಿಂದ ಫಿಲ್ಟರ್ ನೀರಿನ ಕ್ಯಾನು ತಂದೆ, ಅಡಿಗೆಗೂ ಅದೇ, ಬಾಯಿ ಮುಕ್ಕಳಿಸಲೂ ಅದೇ. ಹಾಲು ಹಲ್ಲು ಬಿದ್ದು ಹೊಸ ಹಲ್ಲು ಬರುವುದನ್ನು, ಜಪ್ತಿಯಾದ ಸ್ವತ್ತು ಬಿಡುಗಡೆಯಾಗುವುದನ್ನು ಕಾಯುವಂತೆ ಕಾದೆ. ಬಂದವು. ಹಳದಿಯಾಗಿಯೇ ಬಂದವು. "ಚಿಕ್ಕೋಳಿದ್ದಾಗ ಕುಡಿದ ನೀರು ಈಗ ಕಾಣಿಸ್ತಿದೆ," ಅಂದರು ವೈದ್ಯರು. ಅದನ್ನೂ ಅತ್ತೆಯ ಲೆಕ್ಕಕ್ಕೇ ಹಾಕಿದೆ.

ಈಗ ಹಿಂದಿರುಗಿ ನೋಡಿದರೆ, ನನ್ನ ಕಣ್ಣಿಗೆ ಬಟ್ಟೆ ಕಟ್ಟಿದ್ದು ಫ್ಲೋರೈಡಷ್ಟೇ ಅಲ್ಲ, ಮುದ್ದೆ ಕೂಡ. ನಮ್ಮಲ್ಲಿ ಮುದ್ದೆಯನ್ನು ಅಗಿಯುವವನು ನಗೆಪಾಟಲಾಗುತ್ತಾನೆ. ಮುರಿದು, ಸಾರಲ್ಲಿ ಅದ್ದಿ, ಗುಳುಂ ಅನ್ನಿಸಬೇಕು. ಸಿಂಚನ ಮೂರು ಹೊತ್ತೂ ಮುದ್ದೆ ಕೇಳುತ್ತಿದ್ದಳು. ರೊಟ್ಟಿ ಬೇಡ, ಚಕ್ಕುಲಿ ಬೇಡ, ಕಡಲೆಕಾಯಿ ಬೇಡವೇ ಬೇಡ. ಬಂದ ನೆಂಟರು, "ಎಷ್ಟ್ ಚೆನ್ನಾಗ್ ನುಂಗ್ತದೆ ಕಣಪ್ಪ ಈ ಮಗು, ಈಗಿನ ಕಾಲದ ಮಕ್ಕಳಂಗಲ್ಲ," ಎಂದು ಹೊಗಳಿ ಹೋದರು. ನಾನೂ ಹೆಮ್ಮೆಪಟ್ಟೆ. ಅಗಿಯಲಾಗದವರು ಅಡಗಿಕೊಳ್ಳಲು ಮುದ್ದೆಯ ಸೀಮೆಗಿಂತ ಒಳ್ಳೆಯ ಜಾಗ ಭೂಮಿಯ ಮೇಲಿಲ್ಲ. ಇದು ನನಗೆ ಬೇರೆಯವರಿಗಿಂತ ಚೆನ್ನಾಗಿ ಗೊತ್ತಿರಬೇಕಿತ್ತು. ಯಾಕೆಂದು ಮುಂದೆ ಹೇಳುತ್ತೇನೆ.

ಸ್ಕೂಲಿನಲ್ಲಿ ಅವಳಿಗೆ "ಬೆಲ್ಲದ ಹಲ್ಲು" ಎಂದು ಹೆಸರಿಟ್ಟಿದ್ದರು. ಮೊದಲು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಆಮೇಲೆ ನಗುವುದನ್ನು ಬಿಟ್ಟಳು. ಆಮೇಲೆ ಮಾತು. "ತುಂಬಾ ಸೈಲೆಂಟು, ಒಳ್ಳೇ ಹುಡುಗಿ," ಅಂದರು ಮಿಸ್ಸು. ಮಧ್ಯಾಹ್ನ ಗೋಡೆಗೆ ಮುಖ ಮಾಡಿ ಊಟ ಮಾಡುತ್ತಾಳೆಂದು ಬಹಳ ದಿನದ ಮೇಲೆ ತಿಳಿಯಿತು.

ತಟ್ಟೆಯಲ್ಲಿ ಚೂರು ಸಿಕ್ಕ ಮಾರನೆಯ ದಿನ, ಮುರಿದ ಹಲ್ಲಿನ ಇನ್ನೊಂದು ಚೂರು ತಾನೇ ಕಳಚಿ ಬಂತು. ಕಾಗದದಲ್ಲಿ ಸುತ್ತಿಕೊಂಡು ಕಚೇರಿಗೆ ಹೋದೆ. ನನ್ನ ಮೇಜಿನ ಪಕ್ಕ ಟೈಪಿಂಗ್ ಮಾಡುವ ಬಾಷಾ ಸಾಬ್ರು ಶಿರಾದವರು, ವಯಸ್ಸು ಎಪ್ಪತ್ತರ ಹತ್ತಿರ. ಪೊಟ್ಟಣ ಬಿಚ್ಚಿ ತೋರಿಸಿದೆ.

"ಇದೇನ್ ಸ್ವಾಮಿ, ಚಾಕ್‌ಪೀಸಾ?"

"ಮಗಳ ಹಲ್ಲು. ನೀರಿನ ದೋಷ."

"ಅರೇ, ನೀರಿನ ಹಲ್ಲು ನಾನ್ ನೋಡಿಲ್ವಾ? ಇಲ್ನೋಡಿ." ಬಾಯಿ ತೆರೆದು ತೋರಿಸಿದರು. ಕಂದು ಪಟ್ಟೆ ಬಿದ್ದ ಹಳೆಯ ಹಲ್ಲುಗಳು, ಸಾಲಾಗಿ ನಿಂತಿದ್ದವು. "ಬಣ್ಣ ಖರಾಬು. ಆದ್ರೆ ಈಗ್ಲೂ ಮೂಳೆ ಕಡೀತೀನಿ. ಇದು ನೀರಲ್ಲ ಸ್ವಾಮಿ, ಬೇರೆ ಏನೋ ಬೀಮಾರಿ. ಬೆಂಗಳೂರಿಗ್ ಹೋಗಿ. ಮಕ್ಕಳ ಹಲ್ಲಿಗೇ ಅಂತ ಬೇರೆ ಡಾಕ್ಟ್ರು ಇರ್ತಾರೆ."

"ಮಕ್ಕಳ ಹಲ್ಲಿಗೆ ಬೇರೆ ಡಾಕ್ಟ್ರಾ?"

"ಕ್ರಯಕ್ಕೊಂದು ಪತ್ರ, ದಾನಕ್ಕೊಂದು ಪತ್ರ ಅಂತ ನೀವು ಬೇರೆ ಬೇರೆ ಬರೀತೀರಲ್ಲ? ಅವ್ರೂ ಬದುಕಬೇಕಲ್ವಾ?"

ಹೀಗೆ ಒಂದು ಸೋಮವಾರ ನಾವಿಬ್ಬರೂ ಬೆಂಗಳೂರಿನ ಒಂದು ದಂತ ಕಾಲೇಜಿನ ಮಕ್ಕಳ ವಿಭಾಗದಲ್ಲಿ ಕೂತಿದ್ದೆವು. ಗೋಡೆಯ ತುಂಬ ನಗುವ ಮೊಸಳೆ, ನಗುವ ಜಿರಾಫೆ. ಎಲ್ಲಕ್ಕೂ ಅಚ್ಚ ಬಿಳಿ ಹಲ್ಲು. ಸಿಂಚನ ಅವುಗಳಿಗೆ ಬೆನ್ನು ಹಾಕಿ ಕೂತಳು.

ನೋಡಿದವರು ಇನ್ನೂ ಓದುತ್ತಿದ್ದ ಒಬ್ಬ ಯುವ ಡಾಕ್ಟರು, ಹೆಣ್ಣುಮಗಳು. ಆತುರವಿಲ್ಲದ ಕೈ. ಎಕ್ಸ್‌ರೇ ತೆಗೆಸಿದರು. ಇಡೀ ದವಡೆ ಒಂದೇ ಚಿತ್ರದಲ್ಲಿ ಬರುವ ದೊಡ್ಡ ಎಕ್ಸ್‌ರೇ. ಅದನ್ನು ಪರದೆಯ ಮೇಲೆ ಹಾಕಿ ನನ್ನ ಕಡೆ ತಿರುಗಿದರು.

"ಹಾಲು ಹಲ್ಲೂ ಹೀಗೇ ಇದ್ವಾ ಸರ್?"

"ಹೌದು."

"ಒಂದೆರಡಾ, ಎಲ್ಲಾನಾ?"

"ಎಲ್ಲಾ."

"ಫ್ಲೋರೋಸಿಸ್ ಸಾಮಾನ್ಯವಾಗಿ ಹಾಲು ಹಲ್ಲಿಗೆ ಇಷ್ಟು ಹೊಡೆಯಲ್ಲ. ಅದೇ ನೀರು ಕುಡಿದ ಬೇರೆ ಮಕ್ಕಳಿಗೆ ಹೀಗಾಗಿದೆಯಾ?"

ಎರಡು ವರ್ಷದ ಹಿಂದೆ ಇದೇ ಎರಡು ಪ್ರಶ್ನೆಗಳು ಪಾವಗಡದ ಹಳ್ಳಿಯೊಂದರಿಂದ ಫೋನಿನಲ್ಲಿ ಅತ್ತೆಯ ಬಾಯಿಂದ ಬಂದಿದ್ದವು. ಅಲ್ಲಿ ಎಕ್ಸ್‌ರೇ ಇರಲಿಲ್ಲ. ಒರಳಿತ್ತು.

ಡಾಕ್ಟರು ಪರದೆಯ ಮೇಲೆ ಬೆರಳಿಟ್ಟು ತೋರಿಸಿದರು. ಹಲ್ಲಿನ ಮೇಲಿನ ಎನಾಮೆಲ್ ಎಕ್ಸ್‌ರೇಯಲ್ಲಿ ಬಿಳಿಯ ಟೋಪಿಯಂತೆ ಎದ್ದು ಕಾಣಬೇಕು. ಇಲ್ಲಿ ಟೋಪಿ ಯಾವುದು, ತಲೆ ಯಾವುದು ಗೊತ್ತಾಗುವುದಿಲ್ಲ. ಒಸಡಿನೊಳಗೆ ಇನ್ನೂ ಹುಟ್ಟದೆ ಕಾದಿರುವ ಹಲ್ಲುಗಳದ್ದೂ ಇದೇ ಕಥೆ. ಎನಾಮೆಲ್ ತಯಾರಾಗುವ ಕೆಲಸವೇ ಸರಿಯಾಗಿ ಪೂರೈಸಿಲ್ಲ. ಅಪರೂಪದ ತೊಂದರೆ.

"ಅಮೆಲೋಜೆನೆಸಿಸ್ ಇಂಪರ್ಫೆಕ್ಟಾ," ಅಂದರು.

ಯಾವ ಊರಿನ ಯಾವ ಹೆಸರನ್ನಾದರೂ ಒಂದೇ ಸಲ ಕೇಳಿ ಬರೆದುಕೊಳ್ಳುವ ನಾನು ಇದನ್ನು ಮೂರು ಸಲ ಹೇಳಿಸಿಕೊಂಡೆ.

"ಇದು ಹೆಚ್ಚಾಗಿ ವಂಶದಲ್ಲಿ ಬರುತ್ತೆ. ಮನೇಲಿ ಯಾರಿಗಾದ್ರೂ ಹೀಗೆ ಹಲ್ಲಿತ್ತಾ? ಇವಳ ತಾಯಿಗೆ? ನಿಮಗೆ?"

"ಇಲ್ಲ," ಅಂದೆ.

ನನ್ನ ಬಾಯಲ್ಲಿರುವ ಒಂದು ಹಲ್ಲೂ ನನ್ನದಲ್ಲ.

ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ತುಮಕೂರಿನ ಡಾಕ್ಟರೊಬ್ಬರು ನನ್ನ ಬಾಯಲ್ಲಿ ಉಳಿದಿದ್ದ ಕಂದು ಮೋಟುಗಳನ್ನೆಲ್ಲ ನಾಲ್ಕೈದು ಕಂತಿನಲ್ಲಿ ಕಿತ್ತು ಕೃತಕ ಹಲ್ಲಿನ ಸೆಟ್ ಹಾಕಿದರು. ಮಿಡಿಗೇಶಿ ಪಕ್ಕದ ನಮ್ಮ ಹಳ್ಳಿಯಲ್ಲಿ ಎಲ್ಲರ ಹಲ್ಲೂ ಕಂದೇ. ಹಾಗಾಗಿ ನನ್ನದು ಬೇರೆ ಎಂದು ಯಾರಿಗೂ ಅನ್ನಿಸಲಿಲ್ಲ, ನನಗೂ ಅನ್ನಿಸಲಿಲ್ಲ. ನೀರಿನದೇ, ಸ್ವಲ್ಪ ಜಾಸ್ತಿ ತಗುಲಿದೆ ಅಂದುಕೊಂಡೆ. ಕೀಳಿಸಲು ಒಬ್ಬನೇ ಹೋದೆ, ಒಬ್ಬನೇ ಬಂದೆ, ಬಾಯಿಗೆ ಟವೆಲ್ ಒತ್ತಿಕೊಂಡು ಬಸ್ಸಿನ ಹಿಂದಿನ ಸೀಟಿನಲ್ಲಿ. ಅಂದಿನಿಂದ ಸೆಟ್ ತೊಳೆಯುವುದು ಚಿಲಕ ಹಾಕಿದ ಬಚ್ಚಲಲ್ಲಿ. ಮಲಗುವಾಗಲೂ ಬಾಯಲ್ಲೇ. ಮದುವೆಯಾದ ಮೂರನೆಯ ದಿನ ಶಾರದೆಗೆ ಗೊತ್ತಾಯಿತು. ಗೊತ್ತಾಯಿತೆಂದು ನನಗೂ ಗೊತ್ತಾಯಿತು. ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ. ಅವಳು ಹೋದ ಮೇಲೆ ಆ ಗುಟ್ಟಿಗೆ ಭೂಮಿಯ ಮೇಲೆ ನಾನೊಬ್ಬನೇ ಹಕ್ಕುದಾರನಾದೆ ಎಂದುಕೊಂಡಿದ್ದೆ. ಗುಟ್ಟನ್ನು ಒಂಟಿಯಾಗಿ ಹೊತ್ತಾಗ ತೂಕ ಹೆಚ್ಚುತ್ತದೆ. ಆದರೆ ಅಭ್ಯಾಸವಾಗಿಬಿಡುತ್ತದೆ, ಸೆಟ್ಟಿನ ಹಾಗೆ.

ಇಷ್ಟಾಗಿಯೂ ಮಗಳ ಹಲ್ಲು ಕಂಡಾಗ ನನ್ನದು ನೆನಪಾಗಲಿಲ್ಲವೇ ಎಂದು ಕೇಳಬಹುದು. ಆಗಿತ್ತು. ನೆನಪಾದದ್ದಕ್ಕೇ ಅತ್ತೆಯ ಮೇಲೆ ಅಷ್ಟು ಜೋರಾಗಿ ಕೂಗಿದ್ದು.

ಸುಳ್ಳು ಹೇಳಿಕೆ ಕೊಟ್ಟರೆ ಏನಾಗುತ್ತದೆಂದು ಕಕ್ಷಿದಾರರಿಗೆ ದಿನಾ ಎಚ್ಚರಿಸುವವನು ನಾನು. ಅಲ್ಲಿ ಮಗಳ ಎದುರು ಕೊಟ್ಟೆ.

ವಾಪಸು ಬರುವಾಗ ಬಸ್ಸು ಕೊರಟಗೆರೆ ದಾಟಿತ್ತು. ಸಿಂಚನ ಕಿಟಕಿ ಕಡೆ ನೋಡುತ್ತಲೇ ಕೇಳಿದಳು.

"ಅಪ್ಪಾ, ಇದು ನಂಗೊಬ್ಳಿಗೇನಾ?"

"ಬೇರೆಯವ್ರಿಗೂ ಇರುತ್ತಂತೆ ಮಗಾ."

"ಯಾರಿಗೆ?"

"ಡಾಕ್ಟ್ರಿಗ್ ಗೊತ್ತಿರುತ್ತೆ."

ಅವಳು ಸ್ಕಾರ್ಫನ್ನು ಮೂಗಿನವರೆಗೆ ಎಳೆದುಕೊಂಡು ಕಿಟಕಿಗೆ ಒರಗಿದಳು. ಪಕ್ಕದಲ್ಲೇ ಕೂತಿದ್ದೆ, ನಮ್ಮಿಬ್ಬರ ಮೊಣಕೈ ತಾಗುತ್ತಿತ್ತು. ಅವಳಷ್ಟು ಒಂಟಿಯಾದ ಇನ್ನೊಬ್ಬ ಮನುಷ್ಯನನ್ನು ಮಾತ್ರ ನಾನು ಕಂಡಿದ್ದೆ, ಕನ್ನಡಿಯಲ್ಲಿ.

ಎರಡನೆಯ ಭೇಟಿಯಲ್ಲಿ ಕೆಲಸ ಶುರುವಾಗಬೇಕಿತ್ತು. ದವಡೆ ಹಲ್ಲುಗಳಿಗೆ ಸ್ಟೀಲ್ ಕ್ಯಾಪು. ಸಿಂಚನ ಕುರ್ಚಿಯ ಮೇಲೆ ಮಲಗಿದಳು. ದೀಪ ಬಂತು, ಕನ್ನಡಿ ಬಂತು. ಬಾಯಿ ಮಾತ್ರ ಬರಲಿಲ್ಲ. ಡಾಕ್ಟರು ಕಥೆ ಹೇಳಿದರು. ಬೊಂಬೆಯೊಂದರ ಹಲ್ಲುಜ್ಜಿ ತೋರಿಸಿದರು. ನಾನು ಬೇಡಿದೆ, ಆಮೇಲೆ ಗದರಿದೆ. ತುಟಿಗಳು ಅರಗು ಹಾಕಿದ ಲಕೋಟೆಯಂತೆ ಇದ್ದವು. ಮೂರನೆಯ ಭೇಟಿಯಲ್ಲೂ ಅದೇ.

ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದರು. "ಜನರಲ್ ಅನಸ್ತೇಸಿಯಾ ಕೊಟ್ಟು ಮಾಡಬಹುದು ಸರ್. ಆದ್ರೆ ಇದು ಒಂದು ದಿನದ ಕೆಲಸ ಅಲ್ಲ. ದೊಡ್ಡವಳಾಗೋವರೆಗೂ ಬರ್ತಾ ಇರ್ಬೇಕು. ಪ್ರತಿ ಸಲ ಮಲಗಿಸಕ್ಕಾಗಲ್ಲ. ಇವಳು ತಾನಾಗಿ ಬಾಯಿ ತೆಗೆಯೋದು ಕಲೀಬೇಕು. ತಡ ಆದಷ್ಟೂ ದವಡೆ ಹಲ್ಲು ಸವೀತಾ ಹೋಗುತ್ತೆ. ಆಮೇಲೆ ಕೀಳ್ಬೇಕಾಗ್ಬಹುದು."

ಕೀಳಬೇಕಾಗಬಹುದು. ಆ ಮಾತು ಕೇಳಿದ ಮೇಲೆ ನನ್ನ ಕಾಲು ತಾನಾಗಿಯೇ ಕುರ್ಚಿಯ ಕಡೆ ನಡೆಯಿತು.

ಪಕ್ಕದಲ್ಲಿ ಬಾಯಿ ಮುಕ್ಕಳಿಸಲು ಇಟ್ಟ ಕಾಗದದ ಲೋಟವಿತ್ತು. ಇಪ್ಪತ್ತೆಂಟು ವರ್ಷದಲ್ಲಿ ಚಿಲಕವಿಲ್ಲದ ಜಾಗದಲ್ಲಿ ನಾನು ಮಾಡದ ಕೆಲಸ ಮಾಡಿದೆ. ಮೇಲಿನ ಸೆಟ್ ತೆಗೆದೆ. ಕೆಳಗಿನದನ್ನೂ ತೆಗೆದೆ. ಲೋಟಕ್ಕೆ ಹಾಕಿದೆ. ಅದು ಮಾಡಿದ ಸದ್ದು ಇಡೀ ವಿಭಾಗಕ್ಕೆ ಕೇಳಿಸಿತೆಂದು ನನಗೆ ಇವತ್ತಿಗೂ ಅನುಮಾನ. ಯಾರ ಬಲವಂತವೂ ಇಲ್ಲದೆ ಅಂತ ಬರೆಯಬಹುದು. ಸ್ವಸಂತೋಷದಿಂದ ಎಂಬುದನ್ನು ಹೊಡೆದುಹಾಕಬೇಕಾಗುತ್ತದೆ.

ಮಗಳು ನನ್ನ ಮುಖ ನೋಡಿದಳು. ಗಲ್ಲ ಕುಸಿದು, ತುಟಿ ಒಳಗೆ ಹೋಗಿ, ನಿಮಿಷದಲ್ಲಿ ಇಪ್ಪತ್ತು ವರ್ಷ ಮುದುಕನಾದ ಅಪ್ಪನನ್ನು. ಅವಳು ನಗುತ್ತಾಳೆಂದುಕೊಂಡೆ. ಹೆದರುತ್ತಾಳೆಂದೂ ಅಂದುಕೊಂಡೆ. ಎರಡೂ ಆಗಲಿಲ್ಲ.

"ನಿಂದೂ ಇಂಗೇ ಇತ್ತಾ?"

ಹೌದೆಂದು ತಲೆಯಾಡಿಸಿದೆ. ಆ ಬಾಯಲ್ಲಿ ಮಾತಾಡಲು ನಾಚಿಕೆ.

"ಕಿತ್ತಾಗ ನೋವಾಯ್ತಾ?"

"ಆಯ್ತು." ಮಾತು ಗಾಳಿಯಾಗಿ ಹೊರಬಿತ್ತು.

"ಜೊತೇಲ್ ಯಾರಿದ್ರು?"

"ಯಾರೂ ಇರ್ಲಿಲ್ಲ ಮಗಾ."

ಅವಳು ಸ್ವಲ್ಪ ಹೊತ್ತು ಲೋಟದೊಳಗೆ ನೋಡಿದಳು. ಆಮೇಲೆ ಕೈ ಚಾಚಿ ನನ್ನ ಅಂಗಿಯ ತೋಳು ಹಿಡಿದುಕೊಂಡು, ಮತ್ತೆ ಹಿಂದಕ್ಕೊರಗಿ, ಬಾಯಿ ತೆರೆದಳು.

ಕೆಲಸ ಮುಗಿಯುವವರೆಗೆ ತೋಳು ಬಿಡಲಿಲ್ಲ. ನಾನೂ ಸೆಟ್ ಹಾಕಿಕೊಳ್ಳಲಿಲ್ಲ.

ಅವತ್ತು ಡಾಕ್ಟರು ಕೋಪ ಮಾಡಿಕೊಳ್ಳಲಿಲ್ಲ. ಹಾಳೆಯೊಂದನ್ನು ತೆಗೆದು, "ಮೊದಲಿಂದ ಹೇಳ್ತೀರಾ ಸರ್?" ಅಂದರು. ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ, ರೋಗ ಇದ್ದವರಿಗೆ ಕಪ್ಪು. ನೋಡಿದರೆ ನನ್ನದೇ ಕಸುಬು! ವಂಶವೃಕ್ಷ! ಎಷ್ಟೋ ಮನೆತನಗಳದ್ದು ಬರೆದಿದ್ದೇನೆ. ಹೆಸರು, ವಯಸ್ಸು, ಇದ್ದಾರೆ, ತೀರಿಕೊಂಡಿದ್ದಾರೆ. ಯಾರು ಹೇಗೆ ನಗುತ್ತಿದ್ದರು ಎಂಬ ಅಂಕಣ ನಮ್ಮ ನಮೂನೆಯಲ್ಲಿಲ್ಲ.

ನನ್ನ ಚೌಕ ಕಪ್ಪಾಯಿತು. ನಮ್ಮಪ್ಪ? ಬಾಯಿ ಮುಚ್ಚುವಷ್ಟು ಮೀಸೆ ಬಿಟ್ಟಿದ್ದರು, ಶೌರ್ಯದ ಮೀಸೆ ಎಂದು ಊರೇ ಹೇಳುತ್ತಿತ್ತು. ರೊಟ್ಟಿಯನ್ನು ಸಾರಲ್ಲಿ ನೆನೆಸದೆ ತಿಂದದ್ದು ನೆನಪಿಲ್ಲ. ಚೌಕ ಕಪ್ಪಾಯಿತು. ಅವರ ತಂಗಿ? ಬದುಕಿದಷ್ಟು ದಿನ ಸೆರಗನ್ನು ಬಾಯಿಗಿಟ್ಟುಕೊಂಡೇ ಮಾತಾಡಿದವರು. ಅವರಷ್ಟು ಮರ್ಯಾದಸ್ಥ ಹೆಂಗಸಿಲ್ಲ ಎಂದು ನಮಗೆಲ್ಲ ಉದಾಹರಣೆ ಕೊಡುತ್ತಿದ್ದರು. ವೃತ್ತ ಕಪ್ಪಾಯಿತು. ಇಷ್ಟು ದಿನ ನಮ್ಮ ಮನೆತನದ ಗಾಂಭೀರ್ಯ ಎಂದುಕೊಂಡದ್ದೆಲ್ಲ ಎನಾಮೆಲ್ಲಿನ ಕೊರತೆ. ಒಂದೇ ಮನೆಯಲ್ಲಿ, ಒಂದೇ ಪಂಕ್ತಿಯಲ್ಲಿ ಕೂತು ಉಂಡವರು, ಒಬ್ಬೊಬ್ಬರೂ ಬೇರೆ ಬೇರೆಯಾಗಿ ಬಾಯಿ ಮುಚ್ಚಿಕೊಂಡು ಸತ್ತರು. ಒಬ್ಬರಿಗೊಬ್ಬರು ತೋರಿಸಿಕೊಳ್ಳಲಿಲ್ಲ.

ಕಾನೂನಿನ ಭಾಷೆಯಲ್ಲಿ ಇದು ಸ್ವಯಾರ್ಜಿತವಲ್ಲ, ಪಿತ್ರಾರ್ಜಿತ. ಹೆಣ್ಣುಮಕ್ಕಳಿಗೂ ಪಾಲುಂಟೆಂದು ಕಾನೂನು ಒಪ್ಪಲು ಎಷ್ಟು ಕಾಲ ಹಿಡಿಯಿತು! ಈ ಹಲ್ಲು ಎಂದೋ ಒಪ್ಪಿತ್ತು.

ಆಮೇಲಿನದು ಬಸ್ಸಿನ ಕಥೆ. ತಿಂಗಳ ಮೇಲೆ ತಿಂಗಳು. ದವಡೆ ಹಲ್ಲುಗಳಿಗೆ ಸ್ಟೀಲ್ ಕ್ಯಾಪ್ ಬಂತು. ಮುಂದಿನ ಹಲ್ಲುಗಳಿಗೆ ಹಲ್ಲಿನ ಬಣ್ಣದ ಕಾಂಪೋಸಿಟ್ ಲೇಪ. ಜುಮ್ಮೆನ್ನದಿರಲಿ ಎಂದು ಮೇಲೆ ಒಂದು ವಾರ್ನಿಶ್ ಹಚ್ಚಿದರು. ಏನದು ಎಂದು ಕೇಳಿದೆ.

"ಫ್ಲೋರೈಡ್ ಸರ್."

ಎರಡು ವರ್ಷ ಆ ಹೆಸರಿನ ಮೇಲೆ ಮೊಕದ್ದಮೆ ಹೂಡಿದವನು ನಾನು.

ವಾಸಿಯಾಗುವ ರೋಗವಲ್ಲ ಇದು. ಲೇಪ ಉದುರುತ್ತದೆ, ಮತ್ತೆ ಹಾಕಬೇಕು. ಒಂದು ಸಲ ನಾಲ್ಕೇ ವಾರಕ್ಕೆ ಉದುರಿತು, ಅವಳು ಎರಡು ದಿನ ಸ್ಕೂಲಿಗೆ ಹೋಗಲಿಲ್ಲ. ಹೊಸ ಹಲ್ಲು ಬಂದಂತೆಲ್ಲ ಕಾದಿದ್ದು ಕಾಪಾಡಬೇಕು. ದವಡೆ ಬೆಳೆದು ನಿಂತ ಮೇಲೆ, ಹದಿನೆಂಟರ ಹೊತ್ತಿಗೆ, ಶಾಶ್ವತ ಕ್ಯಾಪು. ಅಲ್ಲಿಯವರೆಗೆ ಎಲ್ಲವೂ ತಾತ್ಕಾಲಿಕ. ಆದರೆ ಹಲ್ಲು ಅವಳವೇ ಇರುತ್ತವೆ, ಕೀಳುವುದಿಲ್ಲ. ಡಾಕ್ಟರು "ಪ್ರಯತ್ನ ಮಾಡೋಣ" ಎನ್ನುತ್ತಾರೆ. ನಾನು ಅದನ್ನು ಕರಾರುಪತ್ರ ಎಂದೇ ಓದಿಕೊಳ್ಳುತ್ತೇನೆ.

ಈಗ ಬೆಳಿಗ್ಗೆ ಹಿತ್ತಿಲ ನಲ್ಲಿಯಲ್ಲಿ ಇಬ್ಬರೂ ಒಟ್ಟಿಗೆ ಹಲ್ಲುಜ್ಜುತ್ತೇವೆ. ಅವಳದ್ದು ಬಾಯಲ್ಲಿ, ನನ್ನದು ಕೈಯಲ್ಲಿ. "ಹಿಂದ್ಗಡೆ ಸರಿಯಾಗ್ ಉಜ್ಜಪ್ಪ," ಎಂದು ತಪಾಸಣೆ ಮಾಡುತ್ತಾಳೆ.

ಒಂದು ಕೆಲಸ ಬಾಕಿಯಿತ್ತು. ಅದಕ್ಕೆ ಧೈರ್ಯ ಮಾಡಲು ನಾಲ್ಕು ತಿಂಗಳು ಹಿಡಿಯಿತು. ಈ ಬೇಸಿಗೆ ರಜೆ ಶುರುವಾದ ಮೊದಲ ಭಾನುವಾರ, ಮಿಡಿಗೇಶಿ ಮೇಲೆ ಪಾವಗಡಕ್ಕೆ ಹೋಗುವ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಮನಸ್ಸಿನಲ್ಲೇ ತಪ್ಪೊಪ್ಪಿಗೆ ಪತ್ರದ ಕರಡು ಬರೆದೆ, ಹೊಡೆದೆ, ಬರೆದೆ.

ಅತ್ತೆ ಜಗಲಿಯ ಮೇಲೆ ಕಡಲೆಕಾಯಿ ಸುಲಿಯುತ್ತಿದ್ದರು. ಮೂರು ವರ್ಷದಲ್ಲಿ ಸಣ್ಣಗಾಗಿದ್ದರು. ನನ್ನನ್ನು ನೋಡಲಿಲ್ಲ. ಮೊಮ್ಮಗಳನ್ನು ನೋಡಿ ಮೊರ ಪಕ್ಕಕ್ಕಿಟ್ಟರು.

"ರಾ ತಲ್ಲಿ, ಬಾ. ಏನ್ ಇಷ್ಟುದ್ದ ಆಗಿದೀಯ? ಎಲ್ಲಿ, ಬಾಯ್ ತೋರ್ಸು."

ಸಿಂಚನ ಬಾಯಿ ತೆರೆದು ಕಡೆಯವರೆಗೂ ತೋರಿಸಿದಳು. ನಾನು ಕೇಳಿದ್ದರೆ ಅಷ್ಟು ತೆರೆಯುತ್ತಿರಲಿಲ್ಲ.

"ಅಬ್ಬಬ್ಬಾ, ಬೆಳ್ಳಿ ಹಲ್ಲು! ನಮ್ ವಂಶದಾಗೆ ಯಾರ್ಗೂ ಇಲ್ಲ ಕಣೇ ಇದು."

"ಅತ್ತೆ," ಅಂದೆ. ಕರಡು ಪೂರ್ತಿ ಮರೆತುಹೋಗಿತ್ತು. "ನಿಮ್ ನೀರಲ್ಲ. ನಂದು. ನನ್ನಿಂದ ಬಂದಿದ್ದು. ನನ್ನ ಹಲ್ಲು..."

"ಕೂತ್ಕೊ. ಬಿಸಿಲಾಗ್ ಬಂದಿದೀಯ," ಎಂದು ಎದ್ದು ಒಳಗೆ ಹೋದರು.

ಒಳಗಿಂದ ಒರಳಿನ ಸದ್ದು ಬಂತು. ಕುಟ್ಟಿದರು, ನಿಲ್ಲಿಸಿದರು, ಮತ್ತೆ ಕುಟ್ಟಿದರು. ಬರುವಾಗ ಕೈಯಲ್ಲಿ ಎರಡು ಬಟ್ಟಲು. ಒಂದು ನನ್ನ ಮುಂದೆ, ಒಂದು ಮಗಳ ಮುಂದೆ. ಎರಡರಲ್ಲೂ ಬೆಲ್ಲ ಬೆರೆಸಿದ ಕಡಲೆಕಾಯಿ ಪುಡಿ. ತಾವು ಮೊರದಿಂದ ಒಂದು ಹಿಡಿ ಇಡೀ ಬೀಜ ತೆಗೆದುಕೊಂಡು ಬಾಯಿಗೆ ಹಾಕಿಕೊಂಡರು.

ನಾನು ಬಟ್ಟಲು ನೋಡಿದೆ. ಮಗಳ ಬಟ್ಟಲು ನೋಡಿದೆ.

"ಯಾವಾಗಿಂದ ಗೊತ್ತಿತ್ತು ಅತ್ತೆ?"

"ಮದ್ವೆ ಆಗಿ ಮೊದ್ಲನೇ ಸಲ ಬಂದ್ರಲ್ಲ, ಅವತ್ತಿಂದ. ಶಾರದ ಅಡಿಗೆ ಮನೇಗ್ ಬಂದು, 'ಅವ್ರಿಗೆ ಕುಟ್ಟಿ ಕೊಡಮ್ಮಾ' ಅಂದ್ಲು. ಯಾಕೆ ಅಂತ ನಾನ್ ಕೇಳ್ಲಿಲ್ಲ. ಅಳಿಯನ ಮರ್ಯಾದೆ."

ಅಳಿಯನ ಮರ್ಯಾದೆಯೇ ಹೌದು. ನಾನು ತಿಳಿದಿದ್ದರಲ್ಲಿ ತಪ್ಪಿರಲಿಲ್ಲ.

"ಅವತ್ತು ಫೋನಲ್ಲಿ ನಾನು ಅಷ್ಟು ಅಂದಾಗ ಯಾಕೆ ಹೇಳ್ಲಿಲ್ಲ? ನಿನ್ನ ಹಲ್ಲು ನೋಡ್ಕೊ ಮೊದ್ಲು ಅನ್ಬಹುದಾಗಿತ್ತಲ್ಲ?"

ಅತ್ತೆ ಸಿಪ್ಪೆ ಊದಿದರು. "ಅನ್ನೋಕೆ ಎಷ್ಟೊತ್ತು? ನನ್ ಮಗಳು ಮುಚ್ಚಿಟ್ಟಿದ್ದನ್ನ ನಾನ್ ಬಿಚ್ಚಕ್ಕಾಯ್ತದಾ? ಬುಡು. ತಿನ್ನು, ಬೆಲ್ಲ ನೀರೊಡೀತದೆ."

ಸಿಂಚನ ಎರಡು ಬಟ್ಟಲನ್ನೂ ಇಣುಕಿ ನೋಡಿ, "ಅಪ್ಪಂದೇ ಜಾಸ್ತಿ ಐತೆ ಅಜ್ಜಿ," ಅಂದಳು.

ಮಗಳನ್ನು ರಜೆ ಮುಗಿಯುವವರೆಗೆ ಅಲ್ಲೇ ಬಿಟ್ಟೆ. ಊರಿನಲ್ಲಿ ಈಗ ಫಿಲ್ಟರ್ ನೀರಿನ ಘಟಕ ಬಂದಿದೆಯಂತೆ. ನಾನು ಕೇಳಲಿಲ್ಲ, ಅತ್ತೆಯೇ ಹೇಳಿದರು, ಸ್ವಲ್ಪ ಗಟ್ಟಿಯಾಗಿಯೇ ಹೇಳಿದರು. ಸಂಜೆಯ ಬಸ್ಸಿಗೆ ಒಬ್ಬನೇ ಹತ್ತಿದೆ. ಅತ್ತೆ ಕಟ್ಟಿಕೊಟ್ಟ ಪೊಟ್ಟಣ ತೊಡೆಯ ಮೇಲಿತ್ತು. ಮಿಡಿಗೇಶಿ ಬೆಟ್ಟ ಕಾಣುವ ಹೊತ್ತಿಗೆ ಅದನ್ನು ಬಿಚ್ಚಿದೆ. ಪಕ್ಕದಲ್ಲಿ ಕೂತಿದ್ದ ಮುದುಕರು ಪೊಟ್ಟಣದೊಳಗೆ ನೋಡಿ, "ಏನ್ ಸ್ವಾಮಿ, ಪುಡಿ ಮಾಡ್ಸಿದೀರಾ?" ಎಂದು ಕೇಳಿದರು.

"ನಂಗೆ ಹಲ್ಲಿಲ್ಲ," ಅಂದೆ.

"ನಂಗೂ ಇಲ್ಲ," ಎಂದು ಅವರು ಕೈ ಒಡ್ಡಿದರು.